ಸಭೆಯ ಶೀಲವೂ ಪಕ್ಷದ ಬಲವೂ

2005ನೆಯ ಇಸವಿಯ ಡಿಸೆಂಬರ್ 23ರಂದು ಲೋಕಸಭೆಯು, ಪ್ರಶ್ನೆ ಕೇಳುವುದಕ್ಕಾಗಿ ಹಣ ಪಡೆದರೆಂಬ ಕಾರಣದಿಂದ ತನ್ನ ಹತ್ತು ಮಂದಿ ಸದಸ್ಯರನ್ನು ಉಚ್ಚಾಟಿಸಿತು. ಅದೇ ದಿನ ರಾಜ್ಯಸಭೆಯೂ ತನ್ನವರೊಬ್ಬರನ್ನು ಹೊರಹಾಕಿತು. ಲೋಕಸಭೆಯಲ್ಲಿ ನಿರ್ಣಯವನ್ನು ಮಂಡಿಸಿದವರು ಆಗಿನ ಆಳುವ ಪಕ್ಷದ ಪ್ರಣವ ಮುಖರ್ಜಿಯವರು. ಶಿಕ್ಷೆಯು ಅಪರಾಧದ ಪ್ರಮಾಣವನ್ನು ಮೀರಿದೆ, ಇದು ಮರಣದಂಡನೆ ವಿಧಿಸಿದಂತಾಯಿತು ಎಂದು ಆಕ್ಷೇಪಿಸಿ ಸಭಾತ್ಯಾಗ ಮಾಡಿದವರು ಭಾರತೀಯ ಜನತಾ ಪಕ್ಷದವರು. ಹದಿನೆಂಟು ವರ್ಷಗಳ ತರುವಾಯ, 2023ರ ಡಿಸೆಂಬರ್ 8ರಂದು, ಅದೇ ಸದನವು ಅದೇ ಬಗೆಯ ಆಪಾದನೆಯ ಮೇಲೆ ತೃಣಮೂಲ ಕಾಂಗ್ರೆಸ್ಸಿನ ಮಹುವಾ ಮೊಯಿತ್ರಾ ಅವರನ್ನು ಉಚ್ಚಾಟಿಸಿತು. ಈ ಸಲ ನಿರ್ಣಯವನ್ನು ಮಂಡಿಸಿದವರು ಭಾರತೀಯ ಜನತಾ ಪಕ್ಷದವರೂ ನಮ್ಮ ಧಾರವಾಡದ ಪ್ರತಿನಿಧಿಯೂ ಆಗಿನ ಸಂಸದೀಯ ವ್ಯವಹಾರಗಳ ಸಚಿವರೂ ಆದ ಪ್ರಲ್ಹಾದ ಜೋಶಿಯವರು. ವಿಚಾರಣೆ ಅವಸರದ್ದಾಯಿತು, ವರದಿಯನ್ನು ಓದುವುದಕ್ಕೂ ಅವಕಾಶವಿಲ್ಲವಾಯಿತು ಎಂದು ಆಕ್ಷೇಪಿಸಿ ಎದ್ದು ಹೋದವರು ಕಾಂಗ್ರೆಸ್ಸನ್ನೂ ಒಳಗೊಂಡ ಪ್ರತಿಪಕ್ಷದವರು.

ಈ ಎರಡು ದಿನಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡುವವರಿಗೆ ಮೊದಲು ಗೋಚರಿಸುವ ಸಂಗತಿಯೆಂದರೆ, ಎರಡು ಪಕ್ಷಗಳೂ ತಮ್ಮ ತಮ್ಮ ಆಸನಗಳನ್ನು ಬದಲಾಯಿಸಿಕೊಂಡೊಡನೆ ತಮ್ಮ ತಮ್ಮ ವಾದಗಳನ್ನೂ ಬದಲಾಯಿಸಿಕೊಂಡವು ಎಂಬುದು. 2005ರಲ್ಲಿ ‘ಇದನ್ನು ಹಕ್ಕುಬಾಧ್ಯತಾ ಸಮಿತಿಗೆ ಒಪ್ಪಿಸಿ ಸಾವಧಾನವಾಗಿ ವಿಚಾರಿಸಬೇಕು’ ಎಂದು ತಿದ್ದುಪಡಿ ಸೂಚಿಸಿದ ಪಕ್ಷವು 2023ರಲ್ಲಿ ಆ ಸಾವಧಾನವನ್ನು ಬೇಡವೆಂದಿತು. 2005ರಲ್ಲಿ ಸದನದ ಗೌರವಕ್ಕೆ ತತ್‍ಕ್ಷಣದ ಕ್ರಮವೇ ತಕ್ಕುದೆಂದ ಪಕ್ಷವು 2023ರಲ್ಲಿ ಮೂರು ನಾಲ್ಕು ದಿನಗಳ ಕಾಲಾವಕಾಶವನ್ನು ಬೇಡಿತು. ಆಪಾದಿತೆಗೆ ಸದನದಲ್ಲಿ ಮಾತನಾಡಲು ಅವಕಾಶ ಕೊಡಿರೆಂದು ಕೇಳಿದಾಗ ಸಭಾಧ್ಯಕ್ಷ ಓಂ ಬಿರ್ಲಾ ಅವರು ಪೂರ್ವನಿದರ್ಶನವಾಗಿ ಎತ್ತಿ ತೋರಿಸಿದ್ದು 2005ರಲ್ಲಿ ಆಗಿನ ಸಭಾಧ್ಯಕ್ಷ ಸೋಮನಾಥ ಚಟರ್ಜಿಯವರು ಅನುಸರಿಸಿದ ಪದ್ಧತಿಯನ್ನೇ. ಆಪಾದನೆಗಳ ಸತ್ಯಾಸತ್ಯವು ಬೇರೆಯ ಪ್ರಶ್ನೆ. ಜನಪ್ರತಿನಿಧಿಯ ಶೀಲವನ್ನು ವಿಚಾರಿಸುವ ಪೀಠದಲ್ಲಿ ಪಕ್ಷದ ಸಂಖ್ಯಾಬಲವೇ ಕುಳಿತಿರುವವರೆಗೆ, ಅಲ್ಲಿಂದ ಹೊರಡುವ ತೀರ್ಪು ಸರಿಯಾಗಿಯೇ ಇದ್ದರೂ ಸರಿಯೆಂದು ನಂಬಲ್ಪಡಲಾರದು ಎಂಬುದೇ ನಾನು ಈ ಲೇಖನದಲ್ಲಿ ಹೇಳಬಯಸುವ ಮಾತು.

ಹೀಗಲ್ಲದೆಯೂ ನಡೆಯಬಹುದೆಂಬುದಕ್ಕೆ ಸ್ವತಂತ್ರ ಭಾರತದ ಮೊತ್ತಮೊದಲ ಪ್ರಕರಣವೇ ಸಾಕ್ಷಿಯಾಗಿದೆ. ಇನ್ನೂ ಪ್ರಥಮ ಮಹಾಚುನಾವಣೆ ನಡೆದಿರಲಿಲ್ಲ. ದಿಲ್ಲಿಯಲ್ಲಿ ತಾತ್ಕಾಲಿಕ ಸಂಸತ್ತು ಕಾರ್ಯ ನಡೆಸುತ್ತಿತ್ತು. ಅದರಲ್ಲಿ ಮುಂಬಯಿ ಪ್ರಾಂತದ ಕಾಂಗ್ರೆಸ್ ಸದಸ್ಯರಾಗಿದ್ದವರು ಎಚ್. ಜಿ. ಮುದಗಲ್ ಎಂಬವರು. ಮುಂಬಯಿಯ ಚಿನ್ನ-ಬೆಳ್ಳಿ ವ್ಯಾಪಾರಿಗಳ ಸಂಘವಾದ ಬಾಂಬೆ ಬುಲಿಯನ್ ಅಸೋಸಿಯೇಷನ್ನಿನೊಡನೆ ಅವರು ವ್ಯವಹಾರ ಕುದುರಿಸಿ, ಆ ಸಂಘದ ಹಿತಕ್ಕಾಗಿ ಸದನದಲ್ಲಿ ಪ್ರಶ್ನೆ ಕೇಳುವುದು, ವಾಯಿದೆ ವ್ಯಾಪಾರದ ಮಸೂದೆಗೆ ತಿದ್ದುಪಡಿ ಸೂಚಿಸುವುದು, ಮಂತ್ರಿಗಳ ಭೇಟಿಗೆ ಏರ್ಪಾಡು ಮಾಡಿಕೊಡುವುದು, ಇವಕ್ಕೆ ಪ್ರತಿಯಾಗಿ ಹಣ ಪಡೆದರೆಂಬುದು ಆಪಾದನೆ. ಹಣ ಕೆಲವೇ ಸಾವಿರಗಳದು. ಇಂದಿನ ಲೆಕ್ಕದಲ್ಲಿ ಯಾರೂ ತಿರುಗಿ ನೋಡದ ಮೊತ್ತ. ಆದರೆ 1951ರ ಜೂನ್ 8ರಂದು ವಿಚಾರಣಾ ಸಮಿತಿಯೊಂದನ್ನು ನೇಮಿಸಬೇಕೆಂದು ಸೂಚನೆ ಮಂಡಿಸಿದವರು ಪ್ರತಿಪಕ್ಷದ ಯಾವ ನಾಯಕರೂ ಅಲ್ಲ. ಸ್ವತಃ ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು, ತಮ್ಮ ಪಕ್ಷದ ಸದಸ್ಯನ ವಿರುದ್ಧವಾಗಿ.

ಸಮಿತಿಯಲ್ಲಿದ್ದವರು ಐವರು. ಟಿ. ಟಿ. ಕೃಷ್ಣಮಾಚಾರಿಯವರು ಅಧ್ಯಕ್ಷರು, ದುರ್ಗಾಬಾಯಿಯವರೂ, ಮರುವರ್ಷವೇ ರಾಷ್ಟ್ರಪತಿಯ ಚುನಾವಣೆಯಲ್ಲಿ ರಾಜೇಂದ್ರ ಪ್ರಸಾದರಿಗೆ ಪ್ರತಿಸ್ಪರ್ಧಿಯಾಗಿ ನಿಂತ ಪ್ರೊಫೆಸರ್ ಕೆ. ಟಿ. ಷಾ ಅವರೂ ಅದರಲ್ಲಿದ್ದರು. ಮುದಗಲ್ಲರಿಗೆ ವಕೀಲರನ್ನಿಟ್ಟುಕೊಂಡು ತಮ್ಮ ವಾದವನ್ನು ಸಮರ್ಥಿಸಿಕೊಳ್ಳಲು ಅವಕಾಶ ದೊರಕಿತು, ಸಾಕ್ಷಿಗಳ ವಿಚಾರಣೆಯಾಯಿತು, ಬೇಸಗೆಯಲ್ಲಿ ನೇಮಕವಾದ ಸಮಿತಿಯ ವರದಿ ಸದನದ ಚರ್ಚೆಗೆ ಬಂದದ್ದು ಸೆಪ್ಟೆಂಬರಿನಲ್ಲಿ. ಸೆಪ್ಟೆಂಬರ್ 24ರಂದು ನೆಹರೂ ಅವರು ಉಚ್ಚಾಟನೆಯ ನಿರ್ಣಯವನ್ನು ಮಂಡಿಸಿದಾಗ ಮುದಗಲ್ಲರು ಸದನದಲ್ಲಿಯೇ ಇದ್ದರು, ಚರ್ಚೆಯಲ್ಲಿ ತಮ್ಮ ಸಮರ್ಥನೆಯನ್ನು ದೀರ್ಘವಾಗಿ ಹೇಳಿಕೊಂಡರು, ಅನಂತರ ರಾಜೀನಾಮೆಯ ಪತ್ರವನ್ನು ಒಪ್ಪಿಸಿ ಹೊರಟುಹೋದರು. ರಾಜೀನಾಮೆಯಿಂದ ವಿಷಯ ಮುಗಿಯಿತೆಂದು ಸದನವು ಕೈಬಿಡಲಿಲ್ಲ. ಅವರು ಉಚ್ಚಾಟನೆಗೆ ಅರ್ಹರಾಗಿದ್ದರೆಂದೂ, ಪತ್ರದ ಒಕ್ಕಣೆಯು ಸದನದ ನಿಂದನೆಯಾಗಿ ಅಪರಾಧವನ್ನು ಇನ್ನಷ್ಟು ಹೆಚ್ಚಿಸಿದೆಯೆಂದೂ ಮರುದಿನ ತೀರ್ಮಾನಿಸಿತು. ಆಳುವ ಪಕ್ಷಕ್ಕೆ ಎದುರೇ ಇಲ್ಲದಂಥ ಬಹುಮತವಿದ್ದ ಕಾಲವದು. ತನ್ನವನೊಬ್ಬನನ್ನು ಕಾಪಾಡಿಕೊಳ್ಳಲು ಅದಕ್ಕೆ ಕಷ್ಟವೇನೂ ಇರಲಿಲ್ಲ. ಕಾಪಾಡಿಕೊಳ್ಳಲಿಲ್ಲವೆಂಬುದರಲ್ಲಿಯೇ ಆ ನಿರ್ಣಯದ ತೂಕವಿದೆ.

ಮುಂದಿನ ದಶಕಗಳಲ್ಲಿ ಈ ಮಾದರಿ ನಮ್ಮಿಂದ ಜಾರಿಹೋದದ್ದು ಹೇಗೆಂಬುದನ್ನು ತಿಳಿಯಬೇಕಾದರೆ 1993ನೆಯ ವರ್ಷಕ್ಕೆ ಬರಬೇಕು. ಪಿ. ವಿ. ನರಸಿಂಹರಾಯರ ಸರಕಾರಕ್ಕೆ ಲೋಕಸಭೆಯಲ್ಲಿ ಸ್ವಂತ ಬಹುಮತವಿರಲಿಲ್ಲ. ಆ ವರ್ಷದ ಜುಲೈ 28ರಂದು ಅವಿಶ್ವಾಸ ನಿರ್ಣಯವು ಮತಕ್ಕೆ ಬಂದಾಗ ಪರವಾಗಿ 251, ವಿರೋಧವಾಗಿ 265 ಮತಗಳು ಬಿದ್ದು ಸರಕಾರವು ಉಳಿದುಕೊಂಡಿತು. ಉಳಿಸಿಕೊಟ್ಟವರಲ್ಲಿ ಝಾರ್ಖಂಡ್ ಮುಕ್ತಿ ಮೋರ್ಚಾದ ನಾಲ್ವರು ಸದಸ್ಯರಿದ್ದರು. ಅವರ ಹೆಸರಿನಲ್ಲಿ ದಿಲ್ಲಿಯ ನವರೋಜಿ ನಗರದ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಶಾಖೆಯಲ್ಲಿ ದೊಡ್ಡ ಮೊತ್ತಗಳು ಜಮೆಯಾದುವೆಂಬುದು ಮುಂದೆ ಬೆಳಕಿಗೆ ಬಂದು, ಮೊಕದ್ದಮೆಯಾಗಿ, ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಅಲ್ಲಿ ಎದ್ದ ಪ್ರಶ್ನೆ ಸಂವಿಧಾನದ 105ನೆಯ ವಿಧಿಯದು. ಸಂಸತ್ತಿನಲ್ಲಿ ಆಡಿದ ಮಾತಿಗಾಗಲಿ ಕೊಟ್ಟ ಮತಕ್ಕಾಗಲಿ ಸಂಬಂಧಿಸಿದಂತೆ ಯಾವ ಸದಸ್ಯನ ಮೇಲೂ ಯಾವ ನ್ಯಾಯಾಲಯದಲ್ಲಿಯೂ ವ್ಯವಹರಣೆ ನಡೆಯಕೂಡದೆಂಬುದು ಆ ವಿಧಿಯ ಎರಡನೆಯ ಖಂಡದ ತಾತ್ಪರ್ಯ. ಇದು ಇಂಗ್ಲೆಂಡಿನಲ್ಲಿ 1689ರ ಹಕ್ಕುಗಳ ಶಾಸನದ ಮೂಲಕ ರಾಜನ ಕೋಪದಿಂದ ಪ್ರಜಾಪ್ರತಿನಿಧಿಗಳನ್ನು ರಕ್ಷಿಸುವುದಕ್ಕಾಗಿ ಸ್ಥಿರಪಟ್ಟ ಪವಿತ್ರವಾದ ಸ್ವಾತಂತ್ರ್ಯ. 1998ರ ಏಪ್ರಿಲ್ 17ರಂದು ಐವರು ನ್ಯಾಯಾಧೀಶರ ಪೀಠವು, ಮೂವರ ಬಹುಮತ ಇಬ್ಬರ ಭಿನ್ನಮತದೊಡನೆ, ಹಣ ಪಡೆದು ಮತ ಕೊಟ್ಟವರಿಗೂ ಈ ರಕ್ಷಣೆ ಸಲ್ಲುವುದೆಂದು ತೀರ್ಮಾನಿಸಿತು.

ಈ ತೀರ್ಪಿನ ಪರಿಣಾಮವನ್ನು ಸ್ವಲ್ಪ ನಿಂತು ಯೋಚಿಸಬೇಕು. ಹಣ ಪಡೆದು, ಮಾತಿಗೆ ತಪ್ಪದೆ ಮತ ಕೊಟ್ಟವನಿಗೆ ರಕ್ಷಣೆ. ಹಣ ಪಡೆದನೆಂಬ ಆಪಾದನೆಗೊಳಗಾಗಿ ಮತದಾನಕ್ಕೇ ಬಾರದಿದ್ದವನಿಗೆ ರಕ್ಷಣೆಯಿಲ್ಲ. ಹಣ ಕೊಟ್ಟವನಿಗೆ ಮೊದಲೇ ಇಲ್ಲ. ಕೊಟ್ಟುದಕ್ಕಾಗಿ ವಿಚಾರಣೆಗೊಳಗಾದ ನರಸಿಂಹರಾಯರಿಗೆ 2000ದಲ್ಲಿ ವಿಶೇಷ ನ್ಯಾಯಾಲಯವು ಶಿಕ್ಷೆ ವಿಧಿಸಿತು. 2002ರಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವು ಅವರನ್ನು ದೋಷಮುಕ್ತರನ್ನಾಗಿ ಮಾಡಿತು. ಬಹುಮತದ ನ್ಯಾಯಾಧೀಶರು ಅಪರಾಧದ ಗುರುತ್ವವನ್ನು ಅರಿಯದೆ ಹಾಗೆ ಬರೆದವರಲ್ಲ. ಸದಸ್ಯನ ನಾಲಗೆಯ ಮೇಲೆ ಪೊಲೀಸಿನ ಭಯ ಕುಳಿತುಕೊಂಡರೆ ಸಂಸತ್ತೇ ಮೂಕವಾಗುವುದೆಂಬ ಅವರ ಶಂಕೆ ನಿರಾಧಾರವೂ ಆಗಿರಲಿಲ್ಲ. ಆಳುವವರ ಕೈಯಲ್ಲಿ ತನಿಖಾ ಸಂಸ್ಥೆಗಳಿರುವ ನಾಡಿನಲ್ಲಿ ಆ ಶಂಕೆಯನ್ನು ಹಗುರವಾಗಿ ಕಾಣುವುದು ವಿವೇಕವಲ್ಲ. ಆದರೂ, ಮತವನ್ನು ಮಾರುವ ಸ್ವಾತಂತ್ರ್ಯವು ಮತ ಕೊಡುವ ಸ್ವಾತಂತ್ರ್ಯದ ಅಂಗವಾಗಲಾರದು. ಈ ಸರಳವಾದ ಮಾತನ್ನು ನ್ಯಾಯಾಲಯವು ಒಪ್ಪಿಕೊಳ್ಳುವುದಕ್ಕೆ ಇಪ್ಪತ್ತಾರು ವರ್ಷಗಳು ಹಿಡಿದವು. ಝಾರ್ಖಂಡ್ ವಿಧಾನಸಭೆಯ ಸದಸ್ಯೆ ಸೀತಾ ಸೋರೆನ್ ಅವರು 2012ರ ರಾಜ್ಯಸಭಾ ಚುನಾವಣೆಯಲ್ಲಿ ಮತಕ್ಕಾಗಿ ಹಣ ಪಡೆದರೆಂಬ ಆಪಾದನೆಯ ಮೇಲೆ ಬೆಳೆದ ವ್ಯಾಜ್ಯದಲ್ಲಿ, 2024ರ ಮಾರ್ಚ್ 4ರಂದು, ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡರ ನೇತೃತ್ವದ, ಕೊಡಗಿನವರಾದ ನ್ಯಾಯಮೂರ್ತಿ ಎ. ಎಸ್. ಬೋಪಣ್ಣನವರೂ ಇದ್ದ ಏಳು ಮಂದಿಯ ಪೀಠವು ಒಮ್ಮತದಿಂದ ಹಳೆಯ ತೀರ್ಪನ್ನು ತಳ್ಳಿಹಾಕಿತು. ಹಣವನ್ನು ಸ್ವೀಕರಿಸಿದ ಕ್ಷಣದಲ್ಲಿಯೇ ಅಪರಾಧವು ಪೂರ್ಣವಾಗುವುದು. ಬಳಿಕ ಸದಸ್ಯನು ಹೇಗೆ ಮತ ಕೊಟ್ಟನು, ಕೊಟ್ಟನೋ ಇಲ್ಲವೋ ಎಂಬುದು ಅಪ್ರಸ್ತುತ ಎಂಬುದು ಆ ತೀರ್ಪಿನ ಸಾರ.

ನ್ಯಾಯಾಲಯದ ಬಾಗಿಲು ಹೀಗೆ ತೆರೆದುದು ಹರ್ಷದ ಸಂಗತಿ. ಆದರೆ ಶೀಲದ ಪ್ರಶ್ನೆಗಳೆಲ್ಲವೂ ಲಂಚದ ಪ್ರಶ್ನೆಗಳಲ್ಲ. ದಂಡಸಂಹಿತೆಗೆ ಸಿಕ್ಕದೆ ಉಳಿಯುವ ಅನುಚಿತ ವರ್ತನೆಯನ್ನು ಸದನವೇ ವಿಚಾರಿಸಬೇಕಾಗುತ್ತದೆ. ಅಲ್ಲಿಯೇ ತೊಡಕಿರುವುದು.

ಆ ತೊಡಕನ್ನು ನೋಡುವ ಮುನ್ನ, ಪ್ರಶ್ನೆಯೊಂದಕ್ಕೆ ಯಾರಾದರೂ ಏಕೆ ಹಣ ಕೊಟ್ಟಾರು ಎಂದು ಓದುಗರಲ್ಲಿ ಕೆಲವರಿಗಾದರೂ ಅನ್ನಿಸಬಹುದು. ಲೋಕಸಭೆಯಲ್ಲಿ ದಿನವೊಂದಕ್ಕೆ ಬಾಯಿಮಾತಿನ ಉತ್ತರಕ್ಕೆ ಸೇರುವ ಚುಕ್ಕೆ ಗುರುತಿನ ಪ್ರಶ್ನೆಗಳು 20. ಲಿಖಿತ ಉತ್ತರದವು 230. ಯಾವ ಪ್ರಶ್ನೆ ಸೇರಬೇಕೆಂಬುದು ಚೀಟಿ ಎತ್ತುವುದರಿಂದ ನಿರ್ಧಾರವಾಗುತ್ತದೆ. ಸೇರಿದ ಪ್ರಶ್ನೆಗೆ ಇಲಾಖೆಯು ಕಡತಗಳನ್ನು ತೆರೆದು, ಕೆಳಗಿನ ಕಚೇರಿಗಳಿಂದ ಮಾಹಿತಿಯನ್ನು ತರಿಸಿ, ಮಂತ್ರಿಯ ಹೊಣೆಯಲ್ಲಿ ಸತ್ಯವಾದ ಉತ್ತರವನ್ನು ಕೊಡಲೇಬೇಕು. ಪ್ರತಿಸ್ಪರ್ಧಿಯ ಗುತ್ತಿಗೆ, ಬರಲಿರುವ ತೆರಿಗೆ, ತಡೆಹಿಡಿದ ಪರವಾನಗಿ, ಇವುಗಳ ವಿಷಯದಲ್ಲಿ ವ್ಯಾಪಾರಸ್ಥನು ವರ್ಷಗಟ್ಟಲೆ ಅಲೆದರೂ ದೊರಕದ ಮಾಹಿತಿಯು ಒಬ್ಬ ಸದಸ್ಯನ ಸಹಿಯಿಂದ ಮೂರು ವಾರದೊಳಗೆ ಅಚ್ಚಾಗಿ ಕೈಗೆ ಬರುತ್ತದೆ. ಪ್ರಜೆಯ ಕೈಯಲ್ಲಿರುವ ಅತಿ ಹರಿತವಾದ ಆಯುಧ ಇದು. ಇದನ್ನು ಬಾಡಿಗೆಗೆ ಕೊಡುವವನು ಪ್ರಜೆಯ ಸ್ವತ್ತನ್ನೇ ಬಾಡಿಗೆಗೆ ಕೊಡುತ್ತಾನೆ. 2005ರಲ್ಲಿ ಪತ್ರಕರ್ತರು ಅಸ್ತಿತ್ವದಲ್ಲಿಯೇ ಇಲ್ಲದ ಸಣ್ಣ ಉದ್ದಿಮೆದಾರರ ಸಂಘವೊಂದರ ಹೆಸರಿನಲ್ಲಿ ಹೋಗಿ, ಗುಪ್ತ ಕ್ಯಾಮೆರಾದ ಮುಂದೆ ಹನ್ನೊಂದು ಮಂದಿಗೆ ಹಣ ಕೊಟ್ಟರು. ಅತಿ ಕಡಿಮೆಯ ಮೊತ್ತ 15,000 ರೂಪಾಯಿ, ಅತಿ ಹೆಚ್ಚಿನದು 1,10,000. ಆರು ಮಂದಿ ಭಾರತೀಯ ಜನತಾ ಪಕ್ಷದವರು, ಮೂವರು ಬಹುಜನ ಸಮಾಜ ಪಕ್ಷದವರು, ಕಾಂಗ್ರೆಸ್ ಮತ್ತು ರಾಷ್ಟ್ರೀಯ ಜನತಾ ದಳದವರು ಒಬ್ಬೊಬ್ಬರು. ಯಾವ ಪಕ್ಷವೂ ಇನ್ನೊಂದರ ಕಡೆ ಬೆರಳು ಮಾಡಿ ತಾನು ಶುದ್ಧವೆಂದು ಹೇಳುವಂತಿರಲಿಲ್ಲ. ಡಿಸೆಂಬರ್ 12ರಂದು ಚಿತ್ರಗಳು ಪ್ರಸಾರವಾದವು. ಪವನಕುಮಾರ ಬನ್ಸಲ್ ಅವರ ಸಮಿತಿಯು ನೇಮಕವಾಗಿ, ವಿಚಾರಿಸಿ, ವರದಿ ಕೊಟ್ಟು, ಸದನವು ಮತ ಹಾಕಿದ್ದೆಲ್ಲವೂ ಹನ್ನೊಂದು ದಿನಗಳಲ್ಲಿ ಮುಗಿದುಹೋಯಿತು. ಸಮಿತಿಯಲ್ಲಿ ಭಿನ್ನಮತ ಬರೆದ, ಭಾರತೀಯ ಜನತಾ ಪಕ್ಷದ ವಿಜಯಕುಮಾರ ಮಲ್ಹೋತ್ರಾ ಅವರ ಆಕ್ಷೇಪದಲ್ಲಿ ಪಕ್ಷದ ಹಿತವೂ ಇದ್ದಿರಬಹುದು. ಆದರೆ ಕ್ರಮದ ವಿಷಯದಲ್ಲಿ ಅವರು ಹೇಳಿದ್ದು ಪರಿಶೀಲನೆಗೆ ಅರ್ಹವಾಗಿಯೇ ಇತ್ತು. 1951ರಲ್ಲಿ ಒಬ್ಬನಿಗೆ ಮೂರೂವರೆ ತಿಂಗಳು ದೊರಕಿತ್ತು.

ಉಚ್ಚಾಟಿತರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2007ರ ಜನವರಿ 10ರಂದು ನಾಲ್ವರು ನ್ಯಾಯಾಧೀಶರು ಸದನಕ್ಕೆ ಉಚ್ಚಾಟಿಸುವ ಅಧಿಕಾರವುಂಟೆಂದರು. ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದ ಆರ್. ವಿ. ರವೀಂದ್ರನ್ ಅವರೊಬ್ಬರು ಮಾತ್ರ ಇಲ್ಲವೆಂದರು. ಸದಸ್ಯತ್ವವು ಯಾವ ಯಾವ ಕಾರಣಗಳಿಂದ ಹೋಗಬೇಕೆಂಬುದನ್ನು ಸಂವಿಧಾನವೇ ಹೇಳಿರುವಾಗ ಸದನವು ಅದಕ್ಕೆ ಹೊಸ ಕಾರಣವನ್ನು ಸೇರಿಸಲಾಗದೆಂಬುದು ಅವರ ವಾದದ ಹುರುಳು. ನನಗೆ ಬಹುಮತದ ತೀರ್ಪೇ ಸಮ್ಮತವಾದುದು. ತನ್ನೊಳಗಿನ ಕೊಳೆಯನ್ನು ತೊಳೆದುಕೊಳ್ಳುವ ಶಕ್ತಿಯಿಲ್ಲದ ಸಭೆಗೆ ಗೌರವವಿರದು. ಆದರೂ ಆ ಭಿನ್ನಮತದಲ್ಲಿ ಒಂದು ಎಚ್ಚರಿಕೆ ಅಡಗಿದೆ. ಹದಿನೈದು ಇಪ್ಪತ್ತು ಲಕ್ಷ ಮತದಾರರ ಪ್ರತಿನಿಧಿಯನ್ನು ಹೊರಹಾಕುವ ಅಧಿಕಾರವು ಸಾಧಾರಣ ಬಹುಮತದ ಕೈಯಲ್ಲಿರುವಾಗ, ಅದನ್ನು ಕಟ್ಟಿಹಾಕುವ ನಿಯಮಗಳಿಲ್ಲದಿದ್ದರೆ, ಇಂದು ಲಂಚಕೋರನ ಮೇಲೆ ಬಿದ್ದ ಕತ್ತಿ ನಾಳೆ ನಿಷ್ಠುರವಾದಿಯ ಮೇಲೆ ಬೀಳುವುದನ್ನು ತಡೆಯುವವರಾರು?

2023ರ ವಿವಾದದ ಬೇರು ಇಲ್ಲಿದೆ. ಸಂಸತ್ತಿನ ಜಾಲತಾಣದ ತಮ್ಮ ಗುಪ್ತಪದವನ್ನು ಉದ್ಯಮಿಯೊಬ್ಬರಿಗೆ ಕೊಟ್ಟು ಪ್ರಶ್ನೆಗಳನ್ನು ದಾಖಲಿಸಲು ಬಿಟ್ಟರೆಂಬುದನ್ನು ಮೊಯಿತ್ರಾ ಅವರು ಒಪ್ಪಿಕೊಂಡಿದ್ದರು. ಹಣ ಪಡೆದರೆಂಬುದನ್ನು ನಿರಾಕರಿಸಿದ್ದರು. ಗುಪ್ತಪದವನ್ನು ಕೊಟ್ಟದ್ದು ಅನುಚಿತವೆಂಬುದರಲ್ಲಿ ಸಂದೇಹವಿಲ್ಲ. ಅದಕ್ಕೆ ತಕ್ಕ ಶಿಕ್ಷೆ ಛೀಮಾರಿಯೋ, ಅಮಾನತೋ, ಉಚ್ಚಾಟನೆಯೋ ಎಂದು ಹೇಳುವ ಬರಹ ಮಾತ್ರ ಯಾವ ನಿಯಮಗ್ರಂಥದಲ್ಲಿಯೂ ಇರಲಿಲ್ಲ. ಲೋಕಸಭೆಯ ನೈತಿಕ ಸಮಿತಿಯು ಹುಟ್ಟಿದ್ದು 2000ದಲ್ಲಿ. ನಿಯಮಾವಳಿಯಲ್ಲಿ ಅದಕ್ಕೆ ಸ್ಥಿರವಾದ ಸ್ಥಾನ ದೊರೆತದ್ದು 2015ರಲ್ಲಿ. ಆದರೆ ‘ಅನೈತಿಕ ವರ್ತನೆ’ ಎಂದರೇನೆಂಬುದಕ್ಕೆ ವ್ಯಾಖ್ಯೆ ಇಂದಿಗೂ ಇಲ್ಲ. ಸಮಿತಿಯು ವರದಿಯನ್ನು ಅಂಗೀಕರಿಸಿದ್ದು ಆರಕ್ಕೆ ನಾಲ್ಕು ಮತಗಳಿಂದ; ಅದು ಸದನದ ಮೇಜಿಗೆ ಬಂದ ದಿನದಂದೇ ಧ್ವನಿಮತದಿಂದ ಉಚ್ಚಾಟನೆಯೂ ಮುಗಿಯಿತು. ಮೊಯಿತ್ರಾ ಅವರು 2024ರಲ್ಲಿ ಕೃಷ್ಣನಗರದಿಂದಲೇ ಪುನಃ ಆರಿಸಿಬಂದರು. ಚುನಾವಣೆಯ ಗೆಲುವು ನಿರ್ದೋಷಿತ್ವದ ಪ್ರಮಾಣವಲ್ಲ. ಆದರೆ ಆ ವಿಚಾರಣೆಯು ಮತದಾರರ ಮನಸ್ಸಿನಲ್ಲಿ ನ್ಯಾಯವಿಚಾರಣೆಯೆಂದು ನೆಲೆಗೊಳ್ಳಲಿಲ್ಲವೆಂಬುದಕ್ಕೆ ಪ್ರಮಾಣವಾಗಬಹುದು.

ಪಕ್ಷಗಳು ಸದಾ ಕಾದಾಡುವುವೆಂದು ತಿಳಿಯುವುದೂ ತಪ್ಪು. ಸುಧಾರಣೆಯು ಒಬ್ಬಿಬ್ಬರನ್ನಲ್ಲದೆ ಎಲ್ಲರನ್ನೂ ಮುಟ್ಟುವಂತಿದ್ದಾಗ ಅವು ಒಂದಾಗಿಯೇ ನಿಂತಿವೆ. ಅಭ್ಯರ್ಥಿಗಳು ತಮ್ಮ ಮೇಲಿನ ಕ್ರಿಮಿನಲ್ ಮೊಕದ್ದಮೆ, ಆಸ್ತಿ, ವಿದ್ಯಾರ್ಹತೆಗಳನ್ನು ಪ್ರಕಟಿಸಬೇಕೆಂದು 2002ರ ಮೇ 2ರಂದು ಸರ್ವೋಚ್ಚ ನ್ಯಾಯಾಲಯವು ಹೇಳಿತು. ಎರಡೇ ತಿಂಗಳಲ್ಲಿ ಸರ್ವಪಕ್ಷಗಳ ಸಭೆ ಸೇರಿತು; ಬೇರೆ ಯಾವ ವಿಷಯದಲ್ಲಿಯೂ ಒಪ್ಪದವರು ಈ ಆದೇಶವನ್ನು ನಿಷ್ಫಲಗೊಳಿಸುವ ವಿಷಯದಲ್ಲಿ ಒಪ್ಪಿದರು; ಸುಗ್ರೀವಾಜ್ಞೆ ಹೊರಟಿತು, ಅದು ಕಾನೂನೂ ಆಯಿತು. 2003ರ ಮಾರ್ಚ್ 13ರಂದು ನ್ಯಾಯಾಲಯವು ಅದನ್ನು ರದ್ದುಗೊಳಿಸದಿದ್ದರೆ ಇಂದು ನಾವು ಚುನಾವಣೆಯ ಕಾಲದಲ್ಲಿ ಪತ್ರಿಕೆಗಳಲ್ಲಿ ಓದುವ ಪ್ರಮಾಣಪತ್ರಗಳ ವಿವರಗಳು ನಮಗೆ ದೊರೆಯುತ್ತಿರಲಿಲ್ಲ.

ಆಸನ ಬದಲಾದೊಡನೆ ವಾದ ಬದಲಾಗುವ ವಿಷಯದಲ್ಲಿ ನಮ್ಮ ರಾಜ್ಯದ ಕತೆಯೂ ಭಿನ್ನವಲ್ಲ. 1984ರ ಶಾಸನದಿಂದ ಹುಟ್ಟಿದ ಕರ್ನಾಟಕದ ಲೋಕಾಯುಕ್ತವು ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ಕಾಲದಲ್ಲಿ ಗಣಿಗಾರಿಕೆಯ ವರದಿಯ ಮೂಲಕ 2011ರ ಜುಲೈಯಲ್ಲಿ ಮುಖ್ಯಮಂತ್ರಿಯೊಬ್ಬರ ರಾಜೀನಾಮೆಗೆ ಕಾರಣವಾಯಿತು. ಅಂದು ಪ್ರತಿಪಕ್ಷದಲ್ಲಿದ್ದ ಕಾಂಗ್ರೆಸ್ಸಿಗೆ ಅದು ಪೂಜ್ಯ ಸಂಸ್ಥೆ. 2016ರ ಮಾರ್ಚಿನಲ್ಲಿ, ಲೋಕಾಯುಕ್ತ ಕಚೇರಿಯೇ ಆಪಾದನೆಗೆ ಸಿಲುಕಿ ನಲುಗಿದ್ದ ಸಮಯದಲ್ಲಿ, ಅದೇ ಕಾಂಗ್ರೆಸ್ ಸರಕಾರವು ಭ್ರಷ್ಟಾಚಾರ ನಿಗ್ರಹ ದಳವನ್ನು ಸ್ಥಾಪಿಸಿ ಲೋಕಾಯುಕ್ತದ ಪೊಲೀಸ್ ಬಲವನ್ನು ಕಿತ್ತುಕೊಂಡಿತು. ಹೊಸ ದಳವು ಮುಖ್ಯಮಂತ್ರಿಯ ಅಧೀನದಲ್ಲಿತ್ತು. ಪ್ರತಿಪಕ್ಷದಲ್ಲಿದ್ದ ಭಾರತೀಯ ಜನತಾ ಪಕ್ಷವು ದಳವನ್ನು ರದ್ದುಮಾಡುವೆವೆಂದು ವಚನವಿತ್ತು, 2019ರಲ್ಲಿ ಅಧಿಕಾರಕ್ಕೆ ಬಂದು, ಮೂರು ವರ್ಷ ಅದನ್ನು ಹಾಗೆಯೇ ಇಟ್ಟುಕೊಂಡಿತು. ಕಡೆಗೆ ದಳವನ್ನು ರದ್ದುಮಾಡಿದ್ದು 2022ರ ಆಗಸ್ಟ್ 11ರ ಉಚ್ಚ ನ್ಯಾಯಾಲಯದ ತೀರ್ಪು.

ಬ್ರಿಟನ್ನಿನವರು ಇದೇ ರೋಗಕ್ಕೆ ಇನ್ನೊಂದು ಔಷಧವನ್ನು ಪ್ರಯೋಗಿಸಿದ್ದಾರೆ. ಅಲ್ಲಿಯೂ 1994ರಲ್ಲಿ ಪ್ರಶ್ನೆಗಾಗಿ ಹಣದ ಪ್ರಕರಣವೇ ಸ್ಫೋಟಗೊಂಡು, ನೋಲನ್ ಸಮಿತಿಯು ಕುಳಿತು, 1995ರಲ್ಲಿ ಸಂಸತ್ತಿನ ಶೀಲಾಧಿಕಾರಿಯ ಹುದ್ದೆ ನಿರ್ಮಾಣವಾಯಿತು. ವಿಚಾರಿಸುವವನು ಸದಸ್ಯನಲ್ಲ, ಆತನ ವರದಿಯನ್ನು ತೂಗುವ ಸಮಿತಿಯಲ್ಲಿ ಸದಸ್ಯರಷ್ಟೇ ಸಂಖ್ಯೆಯ ಹೊರಗಿನ ಸಾಮಾನ್ಯ ನಾಗರಿಕರೂ ಕುಳಿತುಕೊಳ್ಳುತ್ತಾರೆ. ಈ ವ್ಯವಸ್ಥೆಗೂ ಪರೀಕ್ಷೆ ಬಂದೊದಗಿತು. ಹಣ ಪಡೆದು ಎರಡು ಕಂಪನಿಗಳ ಪರವಾಗಿ ವಶೀಲಿ ನಡೆಸಿದರೆಂದು ಓವನ್ ಪ್ಯಾಟರ್ಸನ್ ಎಂಬ ಮಾಜಿ ಸಚಿವರನ್ನು ಮೂವತ್ತು ದಿನ ಅಮಾನತುಗೊಳಿಸಬೇಕೆಂದು ಸಮಿತಿಯು ಹೇಳಿದಾಗ, 2021ರ ನವೆಂಬರ್ 3ರಂದು ಆಳುವ ಪಕ್ಷವು 250ಕ್ಕೆ 232 ಮತಗಳಿಂದ ಆ ಶಿಕ್ಷೆಯನ್ನು ತಡೆಹಿಡಿದು, ತನ್ನ ಬಹುಮತವಿರುವ ಹೊಸ ಸಮಿತಿಯನ್ನು ನೇಮಿಸಹೊರಟಿತು. ಮರುದಿನವೇ ಹಿಂಜರಿಯಬೇಕಾಯಿತು, ಪ್ಯಾಟರ್ಸನ್ನರು ರಾಜೀನಾಮೆ ಕೊಟ್ಟರು, ಆ ಕ್ಷೇತ್ರವನ್ನು ಆಳುವ ಪಕ್ಷವು ಡಿಸೆಂಬರಿನ ಉಪಚುನಾವಣೆಯಲ್ಲಿ ಕಳೆದುಕೊಂಡಿತು. ಸಂಖ್ಯಾಬಲದ ಆಸೆ ಅಲ್ಲಿಯೂ ಹೆಡೆಯೆತ್ತದಿರಲಿಲ್ಲ. ಆದರೆ ಅದಕ್ಕೆ ಎದುರಾಗಿ ನಿಂತದ್ದು ಪಕ್ಷಕ್ಕೆ ಸೇರದ ಅಧಿಕಾರಿಯೊಬ್ಬರ ವರದಿಯಾದುದರಿಂದ, ಏನು ನಡೆಯುತ್ತಿದೆಯೆಂಬುದು ಜನರಿಗೆ ಒಂದೇ ದಿನದಲ್ಲಿ ಅರ್ಥವಾಯಿತು.

ನಮ್ಮಲ್ಲಿ ಇಂಥ ಸುಧಾರಣೆಯ ಬಹುಪಾಲಿಗೆ ಸಂವಿಧಾನದ ತಿದ್ದುಪಡಿಯೂ ಬೇಕಿಲ್ಲ. 118ನೆಯ ವಿಧಿಯಂತೆ ಸಂಸತ್ತಿನ ಪ್ರತಿಯೊಂದು ಸದನವೂ, 208ನೆಯ ವಿಧಿಯಂತೆ ರಾಜ್ಯಗಳ ಸದನಗಳೂ ತಮ್ಮ ನಿಯಮಗಳನ್ನು ತಾವೇ ರಚಿಸಿಕೊಳ್ಳಬಹುದು. ರಾಜ್ಯಸಭೆಯ ಸದಸ್ಯರು ತಮಗೆ ಸಂಬಳ ಬರುವ ನಿರ್ದೇಶಕತ್ವ, ನಿಯತವಾದ ಸಂಭಾವನೆಯ ಕೆಲಸ, ಹತೋಟಿ ನೀಡುವಷ್ಟು ಷೇರು, ಸಲಹೆಗಾರಿಕೆ, ವೃತ್ತಿಸಂಬಂಧ, ಇವನ್ನು ಹಿತಾಸಕ್ತಿಗಳ ದಾಖಲೆಯಲ್ಲಿ ಬರೆಯಿಸಬೇಕೆಂಬ ನಿಯಮ ಈಗಾಗಲೇ ಇದೆ. ಅಂಥ ದಾಖಲೆಪುಸ್ತಕ ಲೋಕಸಭೆಯಲ್ಲಿಲ್ಲ. ಕರ್ನಾಟಕದ ಶಾಸಕರು ಪ್ರತಿವರ್ಷ ಜೂನ್ 30ರೊಳಗೆ ತಮ್ಮ ಮತ್ತು ತಮ್ಮ ಕುಟುಂಬದ ಆಸ್ತಿ-ಸಾಲಗಳ ವಿವರವನ್ನು ಲೋಕಾಯುಕ್ತಕ್ಕೆ ಒಪ್ಪಿಸಬೇಕೆಂದು ಶಾಸನವಿದೆ; ಆದರೆ ಆಸ್ತಿಯ ವಿವರವು ಹಿತಾಸಕ್ತಿಯ ವಿವರವಲ್ಲ, ಗಣಿಯ ಮೇಲೋ ಖಾಸಗಿ ಕಾಲೇಜುಗಳ ಮೇಲೋ ಚರ್ಚೆ ನಡೆಯುವಾಗ ಎದ್ದು ನಿಂತ ಶಾಸಕನು ‘ನನಗೆ ಇದರಲ್ಲಿ ಪಾಲುಂಟು’ ಎಂದು ಹೇಳಿಕೊಳ್ಳುವ ಪದ್ಧತಿ ಅದರಿಂದ ಬೆಳೆಯದು. ಹಿತಾಸಕ್ತಿಗಳ ದಾಖಲೆ ಎಲ್ಲ ಸದನಗಳಲ್ಲಿಯೂ ತೆರೆದಿರಬೇಕು; ಅನುಚಿತ ವರ್ತನೆಗಳಿಗೂ ಅವುಗಳಿಗೆ ತಕ್ಕ ಶಿಕ್ಷೆಗಳಿಗೂ ಲಿಖಿತ ವ್ಯಾಖ್ಯೆಯಿರಬೇಕು; ಸಂಗತಿಗಳನ್ನು ಶೋಧಿಸುವ ಕೆಲಸವು ನಿವೃತ್ತ ನ್ಯಾಯಾಧೀಶರಂಥ ಹೊರಗಿನ ವ್ಯಕ್ತಿಗೆ ಸೇರಬೇಕು; ಶಿಕ್ಷೆಯ ತೀರ್ಮಾನವನ್ನು ಮಾತ್ರ ಸದನವು, ಆಪಾದಿತನ ಮಾತನ್ನು ಕೇಳಿದ ಮೇಲೆ, ವರದಿ ಮಂಡನೆಯಾಗಿ ಒಂದು ವಾರವಾದರೂ ಕಳೆದ ಮೇಲೆ, ಉಚ್ಚಾಟನೆಯಾದರೆ ಮೂರರಲ್ಲಿ ಎರಡು ಪಾಲು ಮತದಿಂದ ಕೈಗೊಳ್ಳಬೇಕು. ಇಂಥ ನಿಯಮವನ್ನು ಬರೆಯತಕ್ಕ ಸಮಯವೆಂದರೆ ಯಾವ ಸದಸ್ಯನ ಮೇಲೂ ವಿಚಾರಣೆ ನಡೆಯುತ್ತಿರದ, ತಾನು ಮುಂದೆ ಯಾವ ಕಡೆ ಕುಳಿತಿರುವೆನೆಂದು ಯಾವ ಪಕ್ಷಕ್ಕೂ ನಿಶ್ಚಯವಿಲ್ಲದ ಅಧಿವೇಶನ. ನಿಯಮ ಸಮಿತಿಯು ಅಂಥ ಅಧಿವೇಶನದ ಮೊದಲ ವಾರದಲ್ಲಿಯೇ ಕರಡನ್ನು ಸದನದ ಮುಂದಿಡಬಹುದು.